ಇಟಗಿಯ ಕಲ್ಲು, ಯೂರೋಪಿನ ಕಣ್ಣು



ಪ್ರತಿ ವರ್ಷ ನವೆಂಬರ್ 9ರಂದು ಧರ್ಮಸಭೆಯು ರೋಮಿನ ಲಾತೆರನ್ ಮಹಾದೇವಾಲಯದ ಪ್ರತಿಷ್ಠಾಪನೆಯ ಹಬ್ಬವನ್ನು ಆಚರಿಸುತ್ತದೆ. ಅಂದು ಪೀಠದಿಂದ ನಾವು 'ದೇವಾಲಯ' ಎಂಬ ಪದವನ್ನು ಹತ್ತಾರು ಸಲ ಹೇಳುತ್ತೇವೆ. ಈ ಪದ ನಮಗೆ ರೋಮಿನಿಂದ ಬಂದದ್ದಲ್ಲ, ಈ ನಾಡು ಕೊಟ್ಟದ್ದು. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರ ಶಾಸನವೊಂದಿದೆ. ಅಲ್ಲಿಯ ಮಹಾದೇವ ಗುಡಿಯನ್ನು ಅದು 'ದೇವಾಲಯ ಚಕ್ರವರ್ತಿ' ಎಂದು ಕರೆಯುತ್ತದೆ. ಅಂದರೆ ನಾವು ನಮ್ಮ ಪೂಜಾಸ್ಥಳವನ್ನು ಕರೆಯುವ ಹೆಸರನ್ನು ಈ ಸೀಮೆಯ ಜನ ಒಂಬೈನೂರು ವರ್ಷಗಳ ಹಿಂದೆಯೇ ಕಲ್ಲಿನಲ್ಲಿ ಬರೆದಿಟ್ಟಿದ್ದಾರೆ.

ಒಂದು ಮಾತನ್ನು ಮೊದಲೇ ಒಪ್ಪಿಕೊಳ್ಳಬೇಕು. ಗುರುಮಠದಲ್ಲಿ ನಾವು ತತ್ವಶಾಸ್ತ್ರ ಓದುವಾಗ ಕಾಂಟ್, ಹೆಗೆಲ್, ನೀಚೆ ಎಂಬ ಹೆಸರುಗಳನ್ನು ಬಾಯಿಪಾಠ ಮಾಡಿದೆವು. ಹತ್ತೊಂಬತ್ತನೆಯ ಶತಮಾನದ ಯೂರೋಪು ನಮಗೆ ಪಕ್ಕದ ಮನೆಯಂತಾಗಿತ್ತು. ಆದರೆ ಇಟಗಿಯನ್ನು ನಾವು ನೋಡಿರಲಿಲ್ಲ. ಕೆಲವು ವರ್ಷಗಳ ಹಿಂದೆ ಧರ್ಮಕೇಂದ್ರದ ಐದಾರು ಕುಟುಂಬಗಳೊಡನೆ ಮೊದಲ ಬಾರಿಗೆ ಅಲ್ಲಿಗೆ ಹೋದೆವು. ಪದವಿ ಓದುತ್ತಿದ್ದ ಒಬ್ಬ ಹುಡುಗಿ ಬಾಗಿಲವಾಡದ ಬಳ್ಳಿಯ ಮೇಲೆ ಬೆರಳಾಡಿಸುತ್ತಾ, "ಫಾದರ್, ಇದನ್ನು ನೋಡಿ ಯೂರೋಪಿನವರು ಏನೆಂದಿದ್ದಾರೆ?" ಎಂದು ಕೇಳಿದಳು. ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಈ ಬರಹ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ಗುಡಿಯನ್ನೇ ನೋಡೋಣ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದ ಇಟಗಿ ಈಗ ಕುಕನೂರು ತಾಲ್ಲೂಕಿಗೆ ಸೇರಿದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಈ ಗುಡಿಯನ್ನು ಕಟ್ಟಿಸಿದನು. ಮುಖ್ಯ ಗುಡಿಯ ಸುತ್ತ ಚಿಕ್ಕ ಗುಡಿಗಳಿವೆ. ತನ್ನ ತಂದೆತಾಯಿಯರ ನೆನಪಿಗೂ ಆತ ಗುಡಿ ಕಟ್ಟಿಸಿದ್ದಾನೆ. ಇವು ಬಳಪದ ಕಲ್ಲಿನ ಕಟ್ಟಡಗಳು. ಈ ಕಲ್ಲು ಮೃದುವಾದುದರಿಂದ ಉಳಿ ಅದರ ಮೇಲೆ ಸೂಜಿಯಂತೆ ಓಡುತ್ತದೆ. ತೆರೆದ ಮಂಟಪದಲ್ಲಿ ಅರವತ್ತಕ್ಕೂ ಮಿಕ್ಕಿದ ಕಂಬಗಳು. ಒಳಗಿನ ಚಾವಣಿಯಲ್ಲಿ ಕೀರ್ತಿಮುಖದ ಬಾಯಿಂದ ಹೊರಟ ಬಳ್ಳಿಗಳು ಮಕರಗಳನ್ನು ಸುತ್ತಿಕೊಂಡು ಹರಿಯುತ್ತವೆ. ಬೇಲೂರಿನ ಗುಡಿ ಇದಕ್ಕಿಂತ ಐದು ವರ್ಷ ಕಿರಿಯದು. ಪ್ಯಾರಿಸಿನ ನೋತ್ರ್ ದಾಮ್ ಮಹಾದೇವಾಲಯದ ಕೆಲಸ ಪ್ರಾರಂಭವಾದದ್ದು 1163ರಲ್ಲಿ. ಆ ವೇಳೆಗೆ ಇಟಗಿಯ ಗುಡಿಗೆ ಐವತ್ತು ವರ್ಷ ದಾಟಿತ್ತು.

ಈಗ ಯೂರೋಪಿಗೆ ಬರೋಣ. ಹತ್ತೊಂಬತ್ತನೆಯ ಶತಮಾನ ಆರಂಭವಾದಾಗ ಯೂರೋಪಿನವರಿಗೆ ತಮ್ಮ ಸ್ವಂತ ಹಳೆಯ ದೇವಾಲಯಗಳೇ ಕಾಣುತ್ತಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಗ್ರೀಸ್ ಮತ್ತು ರೋಮಿನ ಕಟ್ಟಡಗಳೇ ಸುಂದರ, ಮಧ್ಯಯುಗದವು ಒರಟು ಎಂಬ ಭಾವನೆ ಬಲವಾಗಿತ್ತು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ನೋತ್ರ್ ದಾಮಿನ ಮುಂಗೋಡೆಯ ರಾಜರ ವಿಗ್ರಹಗಳನ್ನು ಉರುಳಿಸಿ ಹಾಳುಗೆಡವಿದರು. ದೇವಾಲಯವನ್ನು 'ವಿವೇಕದ ಮಂದಿರ'ವಾಗಿ ಮಾರ್ಪಡಿಸಿದರು. ಜನ ಅದರ ಮುಂದೆಯೇ ಓಡಾಡುತ್ತಿದ್ದರು, ಆದರೆ ಅದನ್ನು ನೋಡುವವರಿರಲಿಲ್ಲ.

ಜನರ ಕಣ್ಣು ತೆರೆಸಿದ್ದು ಒಂದು ಕಾದಂಬರಿ. 1831ರಲ್ಲಿ ವಿಕ್ಟರ್ ಹ್ಯೂಗೋ ಆ ದೇವಾಲಯವನ್ನೇ ಕಥೆಯ ಕೇಂದ್ರವಾಗಿಟ್ಟು, ಗಂಟೆ ಬಾರಿಸುವ ಗೂನುಬೆನ್ನಿನ ಬಡಪಾಯಿಯೊಬ್ಬನನ್ನು ಅದರೊಳಗೆ ನಿಲ್ಲಿಸಿ ಬರೆದನು. ಓದಿದ ಜನ ಕಟ್ಟಡವನ್ನು ಹೊಸದಾಗಿ ನೋಡತೊಡಗಿದರು. 1844ರಲ್ಲಿ ವಿಯೋಲೆ ಲ ದ್ಯುಕ್ ಮತ್ತು ಲಾಸ್ಸು ಎಂಬ ಶಿಲ್ಪಿಗಳಿಗೆ ಜೀರ್ಣೋದ್ಧಾರದ ಕೆಲಸ ದೊರೆಯಿತು. ಆ ಕಾಲದಲ್ಲಿ ಎದ್ದ ಶಿಖರವೇ 2019ರ ಏಪ್ರಿಲ್ 15ರಂದು ಬೆಂಕಿಯಲ್ಲಿ ಉರುಳಿದ್ದು. 2024ರ ಡಿಸೆಂಬರಿನಲ್ಲಿ ಆ ದೇವಾಲಯ ಮತ್ತೆ ಬಾಗಿಲು ತೆರೆಯಿತು. ಕಲ್ಲನ್ನು ಉಳಿಸುವುದು ಬರೀ ಸುಣ್ಣವಲ್ಲ, ಅದನ್ನು ಪ್ರೀತಿಸುವ ಕಣ್ಣು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಇಂಗ್ಲೆಂಡಿನಲ್ಲಿ ಇದೇ ಕೆಲಸ ಮಾಡಿದವನು ಜಾನ್ ರಸ್ಕಿನ್. 1853ರಲ್ಲಿ ಆತ ವೆನಿಸಿನ ಹಳೆಯ ಕಟ್ಟಡಗಳ ಬಗ್ಗೆ ಬರೆಯುತ್ತಾ ಒಂದು ದೊಡ್ಡ ಸತ್ಯವನ್ನು ಹೇಳಿದನು: ಮಧ್ಯಯುಗದ ಕಲ್ಲುಕುಟಿಗನ ಕೈಯಲ್ಲಿ ತಪ್ಪುಗಳಿದ್ದವು, ಆದರೆ ಸ್ವಾತಂತ್ರ್ಯವೂ ಇತ್ತು; ಕಾರ್ಖಾನೆಯ ಕಾಲ ತಪ್ಪಿಲ್ಲದ ವಸ್ತುವನ್ನು ಪಡೆಯಲು ಮನುಷ್ಯನನ್ನೇ ಯಂತ್ರವನ್ನಾಗಿ ಮಾಡಿದೆ. ದುಡಿಯುವವನ ಘನತೆಯನ್ನು ಇಷ್ಟು ಮನಮುಟ್ಟುವಂತೆ ಹೇಳಿದವರು ಆ ಕಾಲದಲ್ಲಿ ಕಡಿಮೆ.

ಇಂಥ ರಸ್ಕಿನ್ ಇಟಗಿಯ ಕಂಬದ ಮುಂದೆ ನಿಂತಿದ್ದರೆ ಏನೆನ್ನುತ್ತಿದ್ದನೋ! ಆದರೆ ಆತ ಭಾರತಕ್ಕೆ ಬರಲೇ ಇಲ್ಲ. 1857ರ ದಂಗೆಯ ಸುದ್ದಿ ಇಂಗ್ಲೆಂಡನ್ನು ಕೆರಳಿಸಿದ್ದ ದಿನಗಳಲ್ಲಿ, 1858ರ ಜನವರಿಯಲ್ಲಿ, ಲಂಡನ್ನಿನ ಒಂದು ಸಭೆಯಲ್ಲಿ ಆತ ಭಾರತದ ಕಲೆಯ ಬಗ್ಗೆ ತೀರ್ಪು ಕೊಟ್ಟನು. ಭಾರತೀಯರ ಕೈ ನಯವಾದದ್ದೇ, ಆದರೆ ಅವರು ದೇವರ ಸೃಷ್ಟಿಯನ್ನು ಇದ್ದಂತೆ ನೋಡುವುದಿಲ್ಲ, ಆದ್ದರಿಂದಲೇ ಕ್ರೂರಿಗಳು ಎಂಬುದು ಅವನ ವಾದದ ತಿರುಳು. ವೆನಿಸಿನ ಒಂದೊಂದು ಕಲ್ಲನ್ನೂ ಹತ್ತಿರದಿಂದ ನೋಡಿ ಬರೆದ ಮನುಷ್ಯ, ಒಂದು ಇಡೀ ದೇಶವನ್ನು ನೋಡದೆಯೇ ತೀರ್ಮಾನಿಸಿದನು.

ಹೆಗೆಲ್ ಎಂಬ ಜರ್ಮನ್ ತತ್ವಜ್ಞಾನಿಯ ಕಥೆಯೂ ಹೀಗೆಯೇ. 1820ರ ದಶಕದಲ್ಲಿ ಬರ್ಲಿನ್ನಿನಲ್ಲಿ ಆತ ಕಲೆಯ ಬಗ್ಗೆ ಉಪನ್ಯಾಸಗಳನ್ನು ಕೊಟ್ಟನು. ಜಗತ್ತಿನ ಕಲೆಯನ್ನೆಲ್ಲ ಮೂರು ಮೆಟ್ಟಿಲಾಗಿ ವಿಂಗಡಿಸಿದನು. ಭಾರತ ಮತ್ತು ಈಜಿಪ್ಟ್ ಕೆಳಗೆ, ಗ್ರೀಸ್ ನಡುವೆ, ಕ್ರೈಸ್ತ ಯೂರೋಪು ಮೇಲೆ. ಬುದ್ಧಿಗೆ ಬಹಳ ಅಂದವಾಗಿ ಕಾಣುವ ಮೆಟ್ಟಿಲು ಅದು. ನಾವು ಪರೀಕ್ಷೆಯಲ್ಲಿ ಅದನ್ನು ಬರೆದು ಒಳ್ಳೆಯ ಅಂಕಗಳನ್ನೂ ಪಡೆದೆವು. ಮೆಟ್ಟಿಲು ಕಟ್ಟಿದವನು ಕೆಳಗಿನ ಮೆಟ್ಟಿಲಿನ ಮೇಲೆ ಕಾಲಿಟ್ಟಿದ್ದನೇ ಎಂದು ಕೇಳಬೇಕೆಂದು ಮಾತ್ರ ನಮಗೆ ತೋಚಲಿಲ್ಲ.

ಆದರೆ ಅದೇ ಶತಮಾನದಲ್ಲಿ ಇನ್ನೊಂದು ಬಗೆಯ ಯೂರೋಪಿಯನ್ನರೂ ಇದ್ದರು. ಹೆಗೆಲ್ ಓದಿದ್ದ ಟ್ಯೂಬಿಂಗನ್ನಿನಲ್ಲಿಯೇ ಓದಿದ ಹರ್ಮನ್ ಮೋಗ್ಲಿಂಗ್ ಬಾಸೆಲ್ ಮಿಶನ್ನಿನಿಂದ 1836ರಲ್ಲಿ ಮಂಗಳೂರಿಗೆ ಬಂದರು. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಆರಂಭಿಸಿದರು; ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಅದೇ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಹೊರಬಂತು. ಅವರು ಕೊನೆಯುಸಿರೆಳೆದದ್ದೂ ಟ್ಯೂಬಿಂಗನ್ನಿನಲ್ಲಿಯೇ, 1903ರಲ್ಲಿ. ಇವರೂ ತಮ್ಮ ಕಾಲದ ಮನುಷ್ಯರೇ. ಆದರೆ ಬಂದರು, ಕುಳಿತರು, ಕಲಿತರು.

ನಮ್ಮ ಸೀಮೆಗೆ ಇನ್ನೂ ಹತ್ತಿರದವನು ಕರ್ನಲ್ ಮೆಡೋಸ್ ಟೇಲರ್. ನಿಜಾಮನ ಸೇವೆಗೆ ಬಂದ ಈ ಆಂಗ್ಲ ಯುವಕ ಕಾದಂಬರಿಕಾರನೂ ಹೌದು. 1839ರಲ್ಲಿ ಬಂದ ಅವನ ಠಕ್ಕರ ಕಥೆ ಇಂಗ್ಲೆಂಡಿನಲ್ಲಿ ಮನೆಮಾತಾಗಿತ್ತು. 1841ರಿಂದ 1853ರವರೆಗೆ ಆತ ಸುರಪುರದಲ್ಲಿ ಆಡಳಿತ ನೋಡಿಕೊಂಡನು. ಅವನ ಬಂಗಲೆ 'ಟೇಲರ್ ಮಂಜಿಲ್' ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಜನ ಅವನನ್ನು 'ಮಹಾದೇವ ಬಾಬಾ' ಎಂದು ಕರೆಯುತ್ತಿದ್ದರು. 1866ರಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಗಳ ಶಿಲ್ಪದ ಬಗ್ಗೆ ಛಾಯಾಚಿತ್ರಗಳುಳ್ಳ ದೊಡ್ಡ ಗ್ರಂಥವೊಂದು ಲಂಡನ್ನಿನಲ್ಲಿ ಪ್ರಕಟವಾಯಿತು. ಅದರ ಚರಿತ್ರೆಯ ಭಾಗವನ್ನು ಬರೆದವನು ಟೇಲರ್. ಶಿಲ್ಪದ ಟಿಪ್ಪಣಿ ಜೇಮ್ಸ್ ಫರ್ಗ್ಯುಸನ್ನನದು. ಇದೇ ಫರ್ಗ್ಯುಸನ್ ಮುಂದೆ ಹಳೇಬೀಡನ್ನು ಗ್ರೀಸಿನ ಪಾರ್ಥೆನಾನಿಗೆ ಸರಿಗಟ್ಟಿ, ಇವೆರಡೂ ಶಿಲ್ಪಕಲೆಯ ಎರಡು ಧ್ರುವಗಳು ಎಂಬರ್ಥದಲ್ಲಿ ಬರೆದನು. ಹೆಗೆಲ್ ಕಟ್ಟಿದ ಮೆಟ್ಟಿಲು ಅಲ್ಲಿ ಸದ್ದಿಲ್ಲದೆ ಕುಸಿಯಿತು.

ಫರ್ಗ್ಯುಸನ್ನನ ಕಣ್ಣಿನಲ್ಲೂ ಪೊರೆ ಇತ್ತು. ಭಾರತದ ಶಿಲ್ಪದ ಚರಿತ್ರೆ ಇಳಿಮುಖದ ಚರಿತ್ರೆ ಎಂದು ಆತ ನಂಬಿದ್ದನು. ಆಳುವವರ ಹೆಮ್ಮೆ ಅಷ್ಟು ಸುಲಭವಾಗಿ ಕಳೆಯುವುದಿಲ್ಲ. ಆದರೂ ನಿಂತು ನೋಡಿದವನಿಗೂ ದೂರದಲ್ಲಿ ಕುಳಿತು ತೀರ್ಪಿತ್ತವನಿಗೂ ವ್ಯತ್ಯಾಸವಿದೆ. ಅವರ ಬಳಿಕ ಪುರಾತತ್ವ ಇಲಾಖೆಯ ಹೆನ್ರಿ ಕಸಿನ್ಸ್ ಈ ಗುಡಿಗಳನ್ನು ಅಳೆದು, ಚಿತ್ರಿಸಿ, 1926ರಲ್ಲಿ ಗ್ರಂಥ ಪ್ರಕಟಿಸಿದನು. ಹಳೇಬೀಡನ್ನು ಬಿಟ್ಟರೆ ಕನ್ನಡ ನಾಡಿನಲ್ಲಿ ಇಟಗಿಯೇ ಶ್ರೇಷ್ಠ ಎಂಬುದು ಅವನ ಅಭಿಪ್ರಾಯ. ಆ ಹುಡುಗಿ ಕೇಳಿದ ಪ್ರಶ್ನೆಗೆ ಇದೇ ಉತ್ತರ.

ಯೂರೋಪಿನ ಆ ಶತಮಾನದ ಕಲೆಯನ್ನು ಕಣ್ಣಾರೆ ನೋಡಬೇಕೆಂದರೆ ನಾವು ಪ್ಯಾರಿಸಿಗೆ ಹೋಗಬೇಕಾಗಿಲ್ಲ, ಮಂಗಳೂರಿಗೆ ಹೋದರೆ ಸಾಕು. 1899ರಲ್ಲಿ ಇಟಲಿಯ ಬೆರ್ಗಮೋ ಸೀಮೆಯ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿಯವರು ಅಲ್ಲಿಗೆ ಬಂದು, ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ ಚಾವಣಿಗಳನ್ನು ಸುಮಾರು ಎರಡು ವರ್ಷಗಳಲ್ಲಿ ಚಿತ್ರಗಳಿಂದ ತುಂಬಿದರು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು, ಊರಿಗೆ ಮರಳಲಿಲ್ಲ. ಇಂದು ಎಲ್ಲ ಧರ್ಮದವರೂ ಅಲ್ಲಿ ತಲೆಯೆತ್ತಿ ನಿಂತು ಆ ಚಿತ್ರಗಳನ್ನು ನೋಡುತ್ತಾರೆ. ನಮ್ಮ ಪ್ರಾರ್ಥನಾಲಯವನ್ನು ಅವರು ಗೌರವದಿಂದ ನೋಡುವಾಗ ನಮಗೆ ಸಂತೋಷವಾಗುತ್ತದೆ. ಅದೇ ಗೌರವದಿಂದ ನಾವು ಇಟಗಿಯಲ್ಲಿ ನಿಲ್ಲುತ್ತೇವೆಯೇ? "ಅದು ಅವರ ಗುಡಿ, ನಮಗೇನು?" ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಕೇಳಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ? 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆ, ಅನ್ಯಧರ್ಮಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲ ಎಂದು ಸಾರಿತು. ಅದು ರೋಮಿನ ಕಡತದಲ್ಲಿ ಉಳಿಯಬೇಕಾದ ಮಾತಲ್ಲ. ನೆರೆಮನೆಯವರ ಬಾಗಿಲಲ್ಲಿ ನಡೆದು ತೋರಿಸಬೇಕಾದ ಮಾತು.

ತಂದೆತಾಯಂದಿರೇ, ನಿಮ್ಮ ಮಕ್ಕಳು ಕಾಲೇಜಿನಲ್ಲಿ ಹ್ಯೂಗೋ, ಹೆಗೆಲ್, ಮಾರ್ಕ್ಸ್, ನೀಚೆಯರನ್ನು ಓದಿದರೆ ಭಯಪಡಬೇಡಿರಿ. ಪುಸ್ತಕದಿಂದ ಕೆಡುವ ವಿಶ್ವಾಸ ಪುಸ್ತಕ ಮುಚ್ಚಿಟ್ಟರೆ ಉಳಿಯುವುದಿಲ್ಲ. ವಿದ್ಯಾರ್ಥಿಗಳೇ, ದೊಡ್ಡ ಹೆಸರುಗಳಿಗೆ ಗೌರವ ಕೊಡಿರಿ, ಆದರೆ ನಿಮ್ಮ ಕಣ್ಣನ್ನು ಒತ್ತೆ ಇಡಬೇಡಿರಿ. ತಪ್ಪಿದ ಕಡೆ ಅವರನ್ನು ಪ್ರಶ್ನಿಸಿರಿ, ಆದರೆ ಪೂರಾ ಎಸೆಯಬೇಡಿರಿ. ಭಾರತವನ್ನು ಹೀಗಳೆದ ಅದೇ ರಸ್ಕಿನ್ನನ ಇನ್ನೊಂದು ಪುಸ್ತಕವನ್ನು 1904ರಲ್ಲಿ ದಕ್ಷಿಣ ಆಫ್ರಿಕಾದ ರೈಲಿನಲ್ಲಿ ಓದಿ ಗಾಂಧೀಜಿ ತಮ್ಮ ಬದುಕನ್ನೇ ಬದಲಾಯಿಸಿಕೊಂಡರು.

ಆ ದಿನ ಇಟಗಿಯಲ್ಲಿ ಆ ಮಗಳ ಪ್ರಶ್ನೆಗೆ ನಾವು ಉತ್ತರ ಹುಡುಕಲು ಹೊರಟೆವು. ಕಸಿನ್ಸನ ಮಾತು ಸಿಕ್ಕಿತು, ಫರ್ಗ್ಯುಸನ್ನನ ಮಾತು ಸಿಕ್ಕಿತು. ಈಗ ಅನಿಸುತ್ತದೆ: ಅವಳ ಬೆರಳು ಕಲ್ಲಿನ ಬಳ್ಳಿಯ ಮೇಲೇ ಇತ್ತು. "ಯೂರೋಪಿನವರು ಇರಲಿ, ನಿನಗೇನು ಕಾಣುತ್ತದೆ ಮಗಳೇ?" ಎಂದು ನಾವು ಕೇಳಬೇಕಾಗಿತ್ತು. ಅಂದು ಕೇಳಲಿಲ್ಲ. ಮುಂದಿನ ಸಲ ಹೋದಾಗ ಕೇಳೋಣ. ನಮ್ಮನ್ನು ಜೀವಂತ ಕಲ್ಲುಗಳೆಂದು ಕರೆದ ಸಂತ ಪೇತ್ರರ ದೇವರು, ಕಲ್ಲನ್ನೂ ನೆರೆಯವರನ್ನೂ ನಿಂತು ನೋಡುವ ಕಣ್ಣನ್ನು ನಮಗೆಲ್ಲರಿಗೂ ದಯಪಾಲಿಸಲಿ.