ಗುಳಿಗೆ ಮೊದಲು ಬಂತು, ನಂಬಿಕೆ ಆಮೇಲೆ: ರಕ್ತದೊತ್ತಡ ಚಿಕಿತ್ಸೆ ನಡೆದುಬಂದ ದಾರಿ

ಹುಬ್ಬಳ್ಳಿಯ ಬೆಂಗೇರಿ ವರ್ಷಕ್ಕೆರಡು ಸಲ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ, ಆಗಸ್ಟ್ 15ರ ಹೊತ್ತಿಗೊಮ್ಮೆ, ಜನವರಿ 26ರ ಹೊತ್ತಿಗೊಮ್ಮೆ. ರಾಷ್ಟ್ರಧ್ವಜ ತಯಾರಿಸುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇರುವುದು ಇಲ್ಲಿಯೇ. ಸಂಘ ಹುಟ್ಟಿದ್ದು 1957ರ ನವೆಂಬರ್ 1ರಂದು. ಅದೇ ವರ್ಷ ಹುಬ್ಬಳ್ಳಿಯಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜು ಶುರುವಾಯಿತು; ಮುಂದೆ ಅದು ‘ಕಿಮ್ಸ್’ ಎಂದು ಮನೆಮಾತಾಯಿತು. ಅದೇ ವರ್ಷ ಅಮೆರಿಕದಿಂದ ಕ್ಲೋರೋಥಯಾಜೈಡ್ ಎಂಬ ಹೊಸ ಔಷಧದ ಸುದ್ದಿ ಹೊರಬಿತ್ತು. ಸರ್ಪಗಂಧಿ ಬೇರಿನ ಅಧ್ಯಯನಕ್ಕಾಗಿ ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲರಿಗೆ ಲಾಸ್ಕರ್ ಪ್ರಶಸ್ತಿ ಬಂದದ್ದೂ ಆ ವರ್ಷವೇ.

ಕೊನೆಯ ಎರಡು ಸುದ್ದಿಗಳು ಆಗ ಬೆಂಗೇರಿಗೆ ಮುಟ್ಟಿರಲಿಕ್ಕಿಲ್ಲ. ಇವತ್ತು ಇಲ್ಲಿನ ಓಣಿಗಳಲ್ಲಿ ಬಿಪಿ ಗುಳಿಗೆ ಹೊಸ ವಸ್ತುವಲ್ಲ. ಟಿವಿ ಪಕ್ಕದಲ್ಲೋ ದೇವರ ಮಾಡದಲ್ಲೋ ಅದಕ್ಕೊಂದು ಜಾಗವಿದೆ. ದಿನಾ ತಪ್ಪದೆ ನುಂಗುವವರು ಮಾತ್ರ ಕಡಿಮೆ. “ನನಗೇನೂ ಆಗೇ ಇಲ್ಲ, ಗುಳಿಗಿ ಯಾಕ್ರಿ?” ಎಂಬ ಮಾತು ನಮ್ಮ ಕಡೆಯ ಯಾವ ದವಾಖಾನೆಗೂ ಹೊಸದಲ್ಲ. ತಿಳಿಗೇಡಿತನವೆಂದು ಅದಕ್ಕೆ ನಗಬೇಡಿ. ತೊಂಬತ್ತು ವರ್ಷಗಳ ಹಿಂದೆ ಜಗತ್ತಿನ ಹೆಸರಾಂತ ಹೃದ್ರೋಗ ತಜ್ಞರೇ ಹೆಚ್ಚುಕಡಿಮೆ ಹೀಗೆ ಹೇಳುತ್ತಿದ್ದರು.

ಅಳತೆ ಬಂತು

ರಕ್ತ ಎಷ್ಟು ಒತ್ತಿ ಹರಿಯುತ್ತದೆ ಎಂದು ಮೊದಲು ಅಳೆದವರು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಕುದುರೆಯ ಅಪಧಮನಿಗೆ ಹಿತ್ತಾಳೆ ಕೊಳವೆ ಚುಚ್ಚಿ, ಅದಕ್ಕೆ ಉದ್ದನೆಯ ಗಾಜಿನ ನಳಿಗೆ ಜೋಡಿಸಿದರು. ರಕ್ತ ಎಂಟಡಿಗೂ ಮೇಲೇರಿತು. 1733ರಲ್ಲಿ ಅವರು ಇದನ್ನು ಪ್ರಕಟಿಸಿದರು. ಎಂಟಡಿ ನಳಿಗೆ ಹಿಡಿದು ರೋಗಿಯ ಬಳಿ ಹೋಗಲಾದೀತೇ? 1828ರಲ್ಲಿ ಫ್ರಾನ್ಸಿನ ಪ್ವಾಸೈ ನೀರಿಗಿಂತ 13.6 ಪಟ್ಟು ಭಾರವಾದ ಪಾದರಸವನ್ನು ಬಳಸಿ ನಳಿಗೆಯನ್ನು ಗಿಡ್ಡ ಮಾಡಿದರು. ಇಂದಿಗೂ ನಾವು ‘120’ ಎನ್ನುವುದು 120 ಮಿಲಿಮೀಟರ್ ಪಾದರಸವನ್ನು. ನೀರಿನ ಲೆಕ್ಕಕ್ಕೆ ಅದು ಐದಡಿ ಮೀರಿದ ಕಂಬ. ನಮ್ಮ ಹೃದಯ ಪ್ರತಿ ಬಡಿತಕ್ಕೂ ಅಷ್ಟನ್ನು ಎತ್ತುತ್ತದೆ.

ಚುಚ್ಚದೆ ಅಳೆಯುವ ತೋಳುಪಟ್ಟಿಯನ್ನು 1896ರಲ್ಲಿ ಇಟಲಿಯ ರಿವಾ-ರೋಚ್ಚಿ ಕೊಟ್ಟರು. ಅದರಲ್ಲಿ ಮೇಲಿನ ಅಂಕಿ ಮಾತ್ರ ಸಿಗುತ್ತಿತ್ತು. 1905ರಲ್ಲಿ ರಷ್ಯದ ಶಸ್ತ್ರವೈದ್ಯ ಕೊರೊಟ್ಕಾಫ್ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಕಿವಿಗೊಟ್ಟರು. ಗಾಳಿ ಇಳಿಸುತ್ತ ಹೋದಾಗ ಸಪ್ಪಳ ಹುಟ್ಟಿದ ಕ್ಷಣ ಮೇಲಿನ ಅಂಕಿ, ಸಪ್ಪಳ ಅಡಗಿದ ಕ್ಷಣ ಕೆಳಗಿನದು.

‘ಮುಟ್ಟಬೇಡಿ’ ಎಂದ ಕಾಲ

ಅಂಕಿ ಸಿಕ್ಕಿತು, ಅರ್ಥ ಸಿಗಲಿಲ್ಲ. ಸಣ್ಣಗಾದ ರಕ್ತನಾಳಗಳಲ್ಲಿ ರಕ್ತ ದೂಡಲು ಹೆಚ್ಚಿನ ಒತ್ತಡ ಬೇಕೇ ಬೇಕು, ಇಳಿಸಿದರೆ ಮಿದುಳು ಮೂತ್ರಪಿಂಡಗಳಿಗೆ ರಕ್ತ ಸಾಲದು ಎಂಬುದು ಆಗಿನ ನಂಬಿಕೆ. ‘ಎಸೆನ್ಶಿಯಲ್’ ಅಂದರೆ ಅವಶ್ಯ ಎಂಬ ವಿಶೇಷಣ ಈ ರೋಗದ ಹೆಸರಿಗೆ ಅಂಟಿಕೊಂಡದ್ದಕ್ಕೂ ಈ ನಂಬಿಕೆಗೂ ನಂಟಿದೆ. ಏರಿದ ಒತ್ತಡ ಪತ್ತೆಯಾಗುವುದೇ ರೋಗಿಗೆ ದೊಡ್ಡ ಅಪಾಯ, ಯಾರಾದರೂ ಮೂರ್ಖ ಅದನ್ನು ಇಳಿಸಲು ಹೊರಡುತ್ತಾನೆ ಎಂದು 1931ರಲ್ಲಿ ಬ್ರಿಟನ್ನಿನ ಜಾನ್ ಹೇ ಎಚ್ಚರಿಸಿದರು. 1937ರಲ್ಲಿ ಅಮೆರಿಕದ ಪಾಲ್ ಡಡ್ಲಿ ವೈಟ್ ಕೂಡ ಇಂಥದೇ ಅನುಮಾನ ಮುಂದಿಟ್ಟರು.

ಇಳಿಸಬೇಕೆಂದವರ ಕೈಯಲ್ಲೂ ಹೆಚ್ಚೇನಿರಲಿಲ್ಲ. ವೈದ್ಯ ವಾಲ್ಟರ್ ಕೆಂಪ್ನರ್ ಅನ್ನ, ಹಣ್ಣು, ಸಕ್ಕರೆಗಳ ಉಪ್ಪಿಲ್ಲದ ಕಠಿಣ ಪಥ್ಯ ಹಿಡಿಸಿದರು. ಕೆಲವರು ಬೆನ್ನೆಲುಬಿನ ಪಕ್ಕದ ನರಗಳನ್ನೇ ಕತ್ತರಿಸಿದರು. 1945ರ ಏಪ್ರಿಲ್ 12ರಂದು ಅಮೆರಿಕದ ಅಧ್ಯಕ್ಷ ರೂಸ್ವೆಲ್ಟ್ ಮಿದುಳಿನ ರಕ್ತಸ್ರಾವದಿಂದ ಕುಸಿದಾಗ ಒತ್ತಡ 300/190. ಲಕ್ವಾ ತಡೆಯುವ ಗುಳಿಗೆ ಜಗತ್ತಿನ ಅತಿ ಬಲಾಢ್ಯನಿಗೂ ಸಿಗದಿದ್ದ ಕಾಲವದು.

ಸರ್ಪಗಂಧಿಯ ಬೇರು

ಮೊದಲ ಒಳ್ಳೆಯ ಸುದ್ದಿ ಹೊರಟದ್ದು ನಮ್ಮ ಕಾಡಿನಿಂದ. ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸರ್ಪಗಂಧಿಯ ಬೇರನ್ನು ಹಾವಿನ ವಿಷಕ್ಕೆ, ನಿದ್ದೆಗೇಡಿಗೆ, ಬುದ್ಧಿಭ್ರಮಣೆಗೆ ನಾಟಿ ವೈದ್ಯರು ಕೊಡುತ್ತಿದ್ದರು. 1931ರಲ್ಲಿ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಅದರ ಸಾರಗಳನ್ನು ಬೇರ್ಪಡಿಸಿದರು. ಅದು ಒತ್ತಡ ಇಳಿಸುತ್ತದೆಂದು ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಬರೆದದ್ದೂ ಅದೇ ವರ್ಷ. ಹೊರಗಿನ ಜಗತ್ತು ಕಿವಿಗೊಟ್ಟದ್ದು 1949ರಲ್ಲಿ, ವೈದ್ಯ ರುಸ್ತುಂ ಜಾಲ್ ವಕೀಲರು 50 ರೋಗಿಗಳ ವಿವರವನ್ನು ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟಿಸಿದ ಮೇಲೆ. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಬೇರಿನಿಂದ ರಿಸರ್ಪಿನ್ ತೆಗೆಯಿತು.

ರಿಸರ್ಪಿನ್ ಒತ್ತಡ ಇಳಿಸಿತು, ಜೊತೆಗೆ ಕೆಲವರಲ್ಲಿ ಮಂಕು, ಖಿನ್ನತೆ ಕಾಣಿಸಿಕೊಂಡವು. ಇನ್ನೊಂದೆಡೆ ಬೇರಿಗಾಗಿ ಗಿಡವನ್ನು ಬುಡಸಹಿತ ಕಿತ್ತು ಕಾಡು ಬರಿದಾಯಿತು. ಇವತ್ತು ಸರ್ಪಗಂಧಿ ಅಂತರರಾಷ್ಟ್ರೀಯ ವ್ಯಾಪಾರ ನಿರ್ಬಂಧದ ಪಟ್ಟಿಯಲ್ಲಿದೆ.

ಸಾಕ್ಷಿ ಸಿಕ್ಕ ವರ್ಷ

‘ಉಪ್ಪು ತಿಂದವ ನೀರು ಕುಡಿಯಲೇಬೇಕು’ ಎಂಬ ಗಾದೆಯಲ್ಲಿ 1957ರ ಹೊಸ ಔಷಧ ಕ್ಲೋರೋಥಯಾಜೈಡಿನ ಗುಟ್ಟಿದೆ. ಉಪ್ಪು ಮೈಯಲ್ಲಿ ನೀರನ್ನು ಹಿಡಿದಿಡುತ್ತದೆ, ನಾಳಗಳು ತುಂಬುತ್ತವೆ, ಒತ್ತಡ ಏರುತ್ತದೆ. ಈ ಗುಳಿಗೆ ಮೂತ್ರಪಿಂಡದಿಂದ ಉಪ್ಪನ್ನೂ ಅದರ ಬೆನ್ನಿಗೆ ನೀರನ್ನೂ ಹೊರಗೆ ಕಳಿಸುತ್ತದೆ.

ಒತ್ತಡ ಇಳಿದರೆ ಆಯುಷ್ಯ ಉಳಿಯುತ್ತದೆಯೇ? ಈ ಪ್ರಶ್ನೆಗೆ ಉತ್ತರ 1967ರಲ್ಲಿ ಸಿಕ್ಕಿತು. ಎಡ್ವರ್ಡ್ ಫ್ರೈಸ್ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಕೆಳಗಿನ ಅಂಕಿ 115ರಿಂದ 129ರವರೆಗಿದ್ದ 143 ಗಂಡಸರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಔಷಧ, ಇನ್ನೊಂದಕ್ಕೆ ಹುಸಿ ಗುಳಿಗೆ ಕೊಟ್ಟಿದ್ದರು. ಹುಸಿ ಗುಳಿಗೆಯವರಲ್ಲಿ 27 ಮಂದಿಗೆ ಗಂಭೀರ ತೊಂದರೆಗಳಾದವು. ಔಷಧ ಪಡೆದವರಲ್ಲಿ ಇಬ್ಬರಿಗೆ. ಆ ಔಷಧದಲ್ಲಿ ಇದ್ದದ್ದು ಕ್ಲೋರೋಥಯಾಜೈಡಿನ ತಮ್ಮನಂಥ ಹೈಡ್ರೋಕ್ಲೋರೋಥಯಾಜೈಡ್, ಹೈಡ್ರಲಜಿನ್, ಮತ್ತು ನಮ್ಮ ಬೇರಿನ ರಿಸರ್ಪಿನ್. 1957ರ ಎರಡು ಸುದ್ದಿಗಳು ಹತ್ತು ವರ್ಷಗಳ ಬಳಿಕ ಒಂದೇ ಅಂಗೈಯಲ್ಲಿ ಕೂಡಿದವು.

ಅನುಮಾನ ಅಷ್ಟಕ್ಕೇ ಬಿಡಲಿಲ್ಲ. ವಯಸ್ಸಾದ ಮೇಲೆ ಮೇಲಿನ ಅಂಕಿ ಏರುವುದು ಸಹಜ, ನೂರಕ್ಕೆ ವಯಸ್ಸು ಕೂಡಿಸಿದರಾಯಿತು ಎಂಬ ಲೆಕ್ಕ ಬಹಳ ಕಾಲ ಚಲಾವಣೆಯಲ್ಲಿತ್ತು. 1991ರ ‘ಶೆಪ್’ ಅಧ್ಯಯನ ಅರವತ್ತು ದಾಟಿದವರಲ್ಲಿ, 2008ರ ‘ಹೈವೆಟ್’ ಎಂಬತ್ತು ದಾಟಿದವರಲ್ಲೂ ಚಿಕಿತ್ಸೆಯ ಲಾಭ ತೋರಿಸಿ ಆ ಲೆಕ್ಕವನ್ನು ಅಳಿಸಿದವು.

ಅಷ್ಟರಲ್ಲಿ ಗುಳಿಗೆಗಳ ಸಾಲು ಬೆಳೆದಿತ್ತು. 1964ರಲ್ಲಿ ಜೇಮ್ಸ್ ಬ್ಲ್ಯಾಕ್ ಅವರ ಪ್ರೊಪ್ರನೊಲಾಲ್ ಬಂತು. 1988ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ಬ್ರೆಜಿಲ್‌ನ ಹಾವೊಂದರ ವಿಷದ ಅಧ್ಯಯನದಿಂದ ಹುಟ್ಟಿದ ಕ್ಯಾಪ್ಟೊಪ್ರಿಲ್ 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಹಾವಿನ ಹೆಸರಿನ ಬೇರಿನಿಂದ ಹೊರಟ ದಾರಿ ಹಾವಿನ ವಿಷಕ್ಕೇ ಬಂದು ಮುಟ್ಟಿತ್ತು. 1990ರ ದಶಕದಲ್ಲಿ ಅಮ್ಲೋಡಿಪಿನ್, ಲೊಸಾರ್ಟಾನ್ ಬಂದವು. ಇವತ್ತು ಇವೆಲ್ಲ ಅಗ್ಗದ ಗುಳಿಗೆಗಳು.

ರೊಟ್ಟಿ ನಿರಪರಾಧಿ

ಗುಳಿಗೆಯಷ್ಟೇ ಸಾಲದು, ಉಪ್ಪೂ ಇಳಿಯಬೇಕು. ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜೋಳದ ರೊಟ್ಟಿಗೆ ಸಾಮಾನ್ಯವಾಗಿ ಉಪ್ಪು ಬೀಳುವುದಿಲ್ಲ. ಉಪ್ಪು ಬರುವುದು ಅದರ ಬಳಗದಿಂದ: ಶೇಂಗಾ ಚಟ್ನಿ, ರಂಜಕ, ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ, ಸಂಜೆಯ ಗಿರ್ಮಿಟ್ಟು ಮಿರ್ಚಿಭಜಿ. ಚೀನಾದ 600 ಹಳ್ಳಿಗಳ ಅಧ್ಯಯನವೊಂದರಲ್ಲಿ ಅರ್ಧದಷ್ಟು ಹಳ್ಳಿಗಳಲ್ಲಿ ಅಡುಗೆ ಉಪ್ಪಿನ ಕಾಲುಭಾಗವನ್ನು ಪೊಟ್ಯಾಸಿಯಂ ಉಪ್ಪಿಗೆ ಬದಲಿಸಿ ನೋಡಿದರು. 2021ರಲ್ಲಿ ಬಂದ ಫಲಿತಾಂಶದಂತೆ ಲಕ್ವಾ ಶೇ. 14ರಷ್ಟು ಕಡಿಮೆಯಾಗಿತ್ತು. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಈ ಉಪ್ಪು ಮುಟ್ಟಬಾರದು.

ದವಾಖಾನೆಯಿಂದ ಓಣಿಗೆ

ಅಳತೆ, ಔಷಧ, ಸಾಕ್ಷಿ ಮೂರೂ ಇದ್ದ ಮೇಲೆ ರೋಗ ಹತೋಟಿಗೆ ಬರಬೇಕಿತ್ತು. ಬಂದಿಲ್ಲ. ಜಗತ್ತಿನ ವಯಸ್ಕರಲ್ಲಿ ಮೂವರಿಗೊಬ್ಬರಿಗೆ ಏರೊತ್ತಡವಿದೆ, ಅವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ಗೊತ್ತೇ ಇಲ್ಲ, ಹತೋಟಿಯಲ್ಲಿಟ್ಟುಕೊಂಡವರು ಐವರಿಗೊಬ್ಬರು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು.

ಆದ್ದರಿಂದ ಈಚಿನ ಮುಖ್ಯ ಹೊಸತನ ಗುಳಿಗೆ ತಲುಪಿಸುವ ಬಗೆಯಲ್ಲಿದೆ. 2017ರಲ್ಲಿ ಐದು ರಾಜ್ಯಗಳ 26 ಜಿಲ್ಲೆಗಳಲ್ಲಿ ಶುರುವಾದ ಭಾರತ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದ ಸೂತ್ರ ಸರಳ: ಇಡೀ ರಾಜ್ಯಕ್ಕೆ ಒಂದೇ ಔಷಧಕ್ರಮ, ದಾಸ್ತಾನು ತಪ್ಪದಿರುವುದು, ನರ್ಸ್‌ಗಳ ಕೈಯಲ್ಲಿ ತಪಾಸಣೆ, ಮನೆ ಹತ್ತಿರವೇ ತಿಂಗಳ ಗುಳಿಗೆ, ಬಾರದವರಿಗೊಂದು ಫೋನ್ ಕರೆ. 2022ರಲ್ಲಿ ಇದಕ್ಕೆ ವಿಶ್ವಸಂಸ್ಥೆಯ ಪ್ರಶಸ್ತಿ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕರ್ನಾಟಕದ ‘ನಮ್ಮ ಕ್ಲಿನಿಕ್’ ಯೋಜನೆಗೆ ಚಾಲನೆ ಸಿಕ್ಕದ್ದು ಹುಬ್ಬಳ್ಳಿಯ ಭೈರಿದೇವರಕೊಪ್ಪದಲ್ಲಿ. ದೊಡ್ಡ ದವಾಖಾನೆಯ ಪಾಳಿಗೆ ಹೆದರಿ ಗುಳಿಗೆ ಬಿಡುವವರಿಗೆ ಓಣಿಯ ಕ್ಲಿನಿಕ್ಕೇ ಮದ್ದು.

ಆದರೂ “ಗುಳಿಗಿ ಯಾಕ್ರಿ?” ಎಂಬ ಪ್ರಶ್ನೆ ಉಳಿದೇ ಇದೆ. ವೈದ್ಯಲೋಕಕ್ಕೆ ಅದರಿಂದ ಹೊರಬರಲು 1967ರ ಲೆಕ್ಕ ಬೇಕಾಯಿತು. ರೋಗಿಗೂ ಲೆಕ್ಕವನ್ನೇ ಕೊಡಬೇಕು, ಬೈಗುಳವನ್ನಲ್ಲ. ಬೆಂಗೇರಿಯಲ್ಲಿ ಧ್ವಜ ಕಣ್ಣಂದಾಜಿನಲ್ಲಿ ಹೊರಗೆ ಹೋಗುವುದಿಲ್ಲ. ನೂಲು, ಬಣ್ಣ, ಉದ್ದಗಲ ಎಲ್ಲಕ್ಕೂ ಅಳತೆಯಿದೆ. ಮೈಗೂ ಅಷ್ಟೇ ಮರ್ಯಾದೆ ಸಲ್ಲಲಿ. ಒತ್ತಡ ನೋಡಿಸುವ ಅರ್ಧ ಗಂಟೆ ಮೊದಲಿನಿಂದ ಚಹಾ, ತಂಬಾಕು ಬೇಡ. ಐದು ನಿಮಿಷ ಬೆನ್ನು ಆನಿಸಿ, ಪಾದ ನೆಲಕ್ಕೂರಿ ಸುಮ್ಮನೆ ಕೂರಿ; ತೋಳು ಎದೆಯ ಮಟ್ಟದಲ್ಲಿರಲಿ; ಪಟ್ಟಿಯನ್ನು ಅಂಗಿಯ ಮೇಲೆ ಸುತ್ತಿಸಿಕೊಳ್ಳಬೇಡಿ; ಎರಡು ಸಲ ನೋಡಿಸಿ. ನೋಡಿದಾಗೆಲ್ಲ 140/90 ಅಥವಾ ಅದಕ್ಕಿಂತ ಹೆಚ್ಚು ಬರುತ್ತಿದ್ದರೆ ಚಿಕಿತ್ಸೆಯ ಮಾತು ಆಡಬೇಕು. ಮೂವತ್ತು ದಾಟಿದ್ದರೆ ಈ ವಾರವೇ ಹತ್ತಿರದ ದವಾಖಾನೆಗೆ ಹೋಗಿ, ಆ ಎರಡು ಅಂಕಿಗಳನ್ನು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.