ಧಣಿಗಳ ವಕೀಲ ಬ್ರಾಂಡೈಸ್

ಧಣಿಯಿಂದ ಫೀಜು ಪಡೆದ ವಕೀಲನು ಧಣಿಯ ಮಾತನ್ನೇ ಎತ್ತಿಹಿಡಿಯಬೇಕೆ? ವಾಚಕ ಮಹಾಶಯರೇ, ಅಮೆರಿಕದ ಲೂಯಿ ಬ್ರಾಂಡೈಸರ ವೃತ್ತಾಂತವನ್ನು ಓದಿ ತಾವೇ ತೀರ್ಮಾನಿಸಿರಿ.

1856ರಲ್ಲಿ ಕೆಂಟಕಿ ಪ್ರಾಂತದಲ್ಲಿ ಜನಿಸಿದ ಇವರು 1879ರಲ್ಲಿ ಬಾಸ್ಟನ್ ನಗರದಲ್ಲಿ ವಕೀಲಿ ಆರಂಭಿಸಿದರು. ಕಾರ್ಖಾನೆಯ ಒಡೆಯರನೇಕರು ಇವರ ಕಕ್ಷಿಗಾರರು. 1902ರಲ್ಲಿ ಪಾದರಕ್ಷೆ ತಯಾರಿಸುವ ಮೆಕೆಲ್ವೇನ್ ಎಂಬವರು ಇವರ ಸಲಹೆ ಬೇಡಿದರು. ದಿನಗೂಲಿ ಧಾರಾಳವಾಗಿದೆ, ಇಳಿಸೋಣವೆಂದರೆ ಕೆಲಸಗಾರರು ಒಪ್ಪರು ಎಂಬುದು ಅವರ ದೂರು. ಬ್ರಾಂಡೈಸರು ದಿನಗೂಲಿಯನ್ನು ಬಿಟ್ಟು ವರ್ಷದ ಸಂಪಾದನೆಯನ್ನು ವಿಚಾರಿಸಿದರು. ಆಗ ನಿಜಸ್ಥಿತಿ ಹೊರಬಿದ್ದಿತು. ಗಿರಾಕಿಗಳ ಬೇಡಿಕೆ ತಗ್ಗಿದ ಕಾಲದಲ್ಲಿ ಕೆಲಸವೂ ಇಲ್ಲ, ಕೂಲಿಯೂ ಇಲ್ಲ! ಬೇಡಿಕೆಗಳನ್ನು ಮುಂಚಿತವಾಗಿ ಪಡೆದು ಕೆಲಸವನ್ನು ವರ್ಷವಿಡೀ ಹಂಚಿಕೊಳ್ಳಬೇಕೆಂದು ಅವರು ಧಣಿಗೇ ಬುದ್ಧಿ ಹೇಳಿದರು. ಮೆಕೆಲ್ವೇನರು ಹಾಗೆಯೇ ಏರ್ಪಾಟು ಮಾಡಿದರು.

1910ರಲ್ಲಿ ನ್ಯೂಯಾರ್ಕಿನ ಉಡುಪು ಹೊಲಿಯುವ ಸುಮಾರು 60,000 ಮಂದಿ ಮುಷ್ಕರ ಹೂಡಿದರು. ಸಂಧಾನದ ಅಧ್ಯಕ್ಷತೆ ಬ್ರಾಂಡೈಸರದು. ಸೆಪ್ಟೆಂಬರಿನಲ್ಲಾದ ಒಪ್ಪಂದದಿಂದ ದೂರು ವಿಚಾರಣೆಗೆ, ಪಂಚಾಯ್ತಿಗೆ, ಕಾರ್ಖಾನೆಗಳ ನೈರ್ಮಲ್ಯಕ್ಕೆ ಬೇರೆಬೇರೆ ಮಂಡಲಿಗಳು ಏರ್ಪಟ್ಟವು. ಆ ಒಪ್ಪಂದ ಬಹುಕಾಲ ಬಾಳಲಿಲ್ಲ, 1916ರ ವೇಳೆಗೆ ಮುರಿದುಬಿದ್ದಿತು. ಆದರೂ ಬೀದಿಯ ಜಗಳವನ್ನು ಮೇಜಿನ ಮುಂದೆ ಕುಳಿತು ಬಗೆಹರಿಸುವ ಒಂದು ದಾರಿಯನ್ನು ಅದು ತೋರಿಸಿತ್ತು. ಅದೇ ವರ್ಷ ಬ್ರಾಂಡೈಸರು ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾದರು, 1939ರವರೆಗೆ ಆ ಪೀಠದಲ್ಲಿದ್ದರು.

ಕಕ್ಷಿಗಾರನಿಗೆ ಪ್ರಿಯವಾದುದು ಬೇರೆ, ಹಿತವಾದುದು ಬೇರೆ. ಬ್ರಾಂಡೈಸರು ಹಣ ಪಡೆದುದು ಧಣಿಯಿಂದಲೇ, ಹೇಳಿದುದೂ ಧಣಿಯ ಹಿತವನ್ನೇ. ಕೆಲಸಗಾರನ ಮನೆಯ ಒಲೆ ವರ್ಷವಿಡೀ ಉರಿಯುವುದರಲ್ಲಿಯೇ ಆ ಹಿತ ಅಡಗಿತ್ತು.