ಬೇತಾಳನ ಪ್ರಶ್ನೆ, ನಾಗಮಂಗಲದ ಕುಂಚ

‘ಚಂದಮಾಮ’ದ ಹಳೆಯ ಸಂಚಿಕೆಗಳಿಗಾಗಿ ಹಂಬಲಿಸುವವರು ಇಂದಿಗೂ ಇದ್ದಾರೆ. ಅದನ್ನು ರಾಕ್ಷಸರ, ರಾಜಕುಮಾರಿಯರ ಮೇಲಿನ ಮೋಹ ಎಂದುಕೊಳ್ಳುವುದು ಸುಲಭ. ಆದರೆ ಮಾಯಾಲೋಕಕ್ಕೆ ಈಗ ಬರವೇನಿಲ್ಲ. ಮೊಬೈಲಿನಲ್ಲಿ ಹಗಲೂ ರಾತ್ರಿ ಸಿಗುತ್ತದೆ. ಸಿಗದಿರುವುದು ಆ ಪುಸ್ತಕ ಮಗುವಿಗೆ ಒಪ್ಪಿಸುತ್ತಿದ್ದ ಕೆಲಸ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರಲ್ಲಿ ಮದರಾಸಿನಲ್ಲಿ ಆರಂಭಿಸಿದ ಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂತು. ಅದರ ಬೇತಾಳ ಕಥೆಗಳಲ್ಲಿ ಕಥೆ ಮುಗಿಯುವುದೇ ಒಂದು ತೊಡಕಿನಲ್ಲಿ. ಬೇತಾಳವನ್ನು ಮರದಿಂದಿಳಿಸಿ ಮೌನವಾಗಿ ಹೊತ್ತು ನಡೆಯುವ ರಾಜ ವಿಕ್ರಮ, ಅದು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಹೇಳದಿದ್ದರೆ ಅವನ ತಲೆ ಹೋಳಾಗುತ್ತದೆ. ಹೇಳಿದರೆ ಮೌನ ಮುರಿದು ಬೇತಾಳ ಮತ್ತೆ ಮರ ಸೇರುತ್ತದೆ. ಆ ಪ್ರಶ್ನೆಗೂ ರಾಜನ ಉತ್ತರಕ್ಕೂ ನಡುವೆ ಮಗು ತಾನೇ ನ್ಯಾಯ ತೀರ್ಮಾನಿಸಬೇಕಿತ್ತು, ರಾಜನ ಮಾತನ್ನು ಒಪ್ಪದಿರಲೂಬಹುದಿತ್ತು. ಪರಂಪರೆಯಿಂದ ಬಂದ ಇಪ್ಪತ್ತೈದು ಕಥೆಗಳು ತೀರಿದ ಮೇಲೂ ಪತ್ರಿಕೆ ಅದೇ ಚೌಕಟ್ಟಿನಲ್ಲಿ ಹೊಸ ಕಥೆಗಳನ್ನು ದಶಕಗಳ ಕಾಲ ಕಟ್ಟಿತು. ಓದುಗರನ್ನು ಹಿಡಿದಿಟ್ಟದ್ದು ಪ್ರಶ್ನೆಯೇ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಎರಡು ಫೋಟೋ ಕೊಟ್ಟು, ಎರಡಕ್ಕೂ ಹೊಂದುವ ಸಾಲು ಬರೆದು ಕಳಿಸಿ ಎನ್ನುತ್ತಿದ್ದ ಸ್ಪರ್ಧೆಯ ಬೇರೂ ಇಲ್ಲೇ ಇದೆ.

ತೆಲುಗಿನಲ್ಲಿ ಹುಟ್ಟಿ ಮದರಾಸಿನಲ್ಲಿ ಅಚ್ಚಾದ ಪತ್ರಿಕೆಗೂ ಮಂಡ್ಯ ಸೀಮೆಗೂ ಏನು ನಂಟು ಎಂದು ಕೇಳಬಹುದು. ಅದರ ಮಹಾಭಾರತದ ಮುಖಚಿತ್ರಗಳನ್ನು ಬರೆದ ಎಂ.ಟಿ.ವಿ. ಆಚಾರ್ಯರು ನಾಗಮಂಗಲದವರು. ಒಂದು ಚಿತ್ರಕ್ಕೆ ಒಂದೇ ಕ್ಷಣ. ಹಿಂದೇನಾಯಿತು, ಮುಂದೇನಾಗುತ್ತದೆ ಎಂಬುದನ್ನು ನೋಡುವ ಮಗು ತುಂಬಿಕೊಳ್ಳಬೇಕು. ಮುಂದೆ ಅವರು ಬೆಂಗಳೂರಿನಲ್ಲಿ ಚಿತ್ರಕಲಾ ಶಾಲೆ ತೆರೆದು ಅಂಚೆಯ ಮೂಲಕವೂ ಪಾಠ ಹೇಳಿದರು. ನೋಡಿದವರ ಕೈಗೇ ಕುಂಚ ಕೊಟ್ಟ ಈ ಕೆಲಸ ನನಗೆ ಮುಖಚಿತ್ರಗಳಷ್ಟೇ ದೊಡ್ಡದಾಗಿ ಕಾಣುತ್ತದೆ. ಪಕ್ಕದ ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲಿ, 13ನೇ ಶತಮಾನದ ಲಕ್ಷ್ಮೀನಾರಾಯಣ ಗುಡಿಯ ಅಧಿಷ್ಠಾನದ ಪಟ್ಟಿಕೆಗಳಲ್ಲಿ ರಾಮಾಯಣ, ಮಹಾಭಾರತಗಳಿವೆ. ಪ್ರದಕ್ಷಿಣೆ ಹಾಕಿದಷ್ಟೇ ಕಥೆ ಮುಂದುವರಿಯುತ್ತದೆ; ನಿಂತರೆ ಅದೂ ನಿಲ್ಲುತ್ತದೆ. ಪಾಂಡವಪುರದ ಕುಂತಿಬೆಟ್ಟವನ್ನು ಜನ ಪಾಂಡವರ ವನವಾಸದೊಂದಿಗೆ ಜೋಡಿಸಿದ್ದಾರೆ. ಅಲ್ಲಿ ಬಂಡೆಯಿಂದ ಬಂಡೆಗೆ ಹತ್ತಿದರೇ ಕಥೆ. ಆಚಾರ್ಯರು ಇವುಗಳಿಂದಲೇ ಕಲಿತರೆಂದು ನಾನು ಹೇಳುತ್ತಿಲ್ಲ. ಕೇಳುಗನಿಗೂ ನೋಡುಗನಿಗೂ ಪಾಲು ಕೊಡುವ ಕಥನ ಈ ನೆಲಕ್ಕೆ ಹೊಸದಾಗಿರಲಿಲ್ಲ, ಅಷ್ಟೇ.

ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ. ಆಗ ಅಕ್ಷರ ಬಲ್ಲ, ಪತ್ರಿಕೆ ಕೊಳ್ಳಬಲ್ಲ ಮನೆಗಳು ಎಷ್ಟಿದ್ದವು? ಕೆಲವರ ಬಾಲ್ಯವನ್ನೇ ಎಲ್ಲರ ಬಾಲ್ಯವೆನ್ನುವುದು ಅನ್ಯಾಯವಲ್ಲವೇ? ಹೌದು, ಅನ್ಯಾಯವೇ. ಹಾಗಾಗಿಯೇ ಈ ಚರಿತ್ರೆಯನ್ನು ಪತ್ರಿಕೆಯಿಂದಲೇ ಆರಂಭವಾದದ್ದೆಂದು ಬರೆಯಬಾರದು. ಓದು ಬಾರದ ಮನೆಯಲ್ಲೂ ಕಥೆ ಕೇಳುವವರು ‘ಹ್ಞೂಂ’ಗುಟ್ಟಬೇಕಿತ್ತು, ಒಗಟು ಬಿಡಿಸಲಾಗದವರು ಊರು ಕೊಟ್ಟು ಸೋಲೊಪ್ಪಬೇಕಿತ್ತು. ಇಂಥ ಸಂಪತ್ತನ್ನು ಸಂಗ್ರಹಿಸಲು ಬದುಕು ಸವೆಸಿದ, ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರೂ ನಾಗಮಂಗಲ ತಾಲ್ಲೂಕಿನವರೇ. ಬೇತಾಳ ಅಚ್ಚಿನಲ್ಲಿ ಕೇಳಿದ್ದನ್ನು ಅಜ್ಜಿಯರು ಬಾಯಲ್ಲಿ ಕೇಳುತ್ತಲೇ ಇದ್ದರು.

ಇಂದಿನ ಆಟಗಳಲ್ಲಿ ಮಕ್ಕಳ ಪಾಲು ಇನ್ನೂ ಹೆಚ್ಚಲ್ಲವೇ ಎಂಬ ಮಾತೂ ಬರುತ್ತದೆ. ಅಮೆರಿಕದಲ್ಲಿ 1979ರಲ್ಲೇ ಎಡ್ವರ್ಡ್ ಪ್ಯಾಕರ್ಡ್ ಬರೆದ ಪುಸ್ತಕದಲ್ಲಿ, ಯಾವ ಪುಟಕ್ಕೆ ಹೋಗಬೇಕೆಂದು ಓದುವ ಮಗುವೇ ಆರಿಸಿಕೊಂಡು ಕಥೆಯ ದಾರಿ ಬದಲಿಸಬಹುದಿತ್ತು. ಅದು ದೊಡ್ಡ ಸ್ವಾತಂತ್ರ್ಯ, ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಆಯ್ಕೆ ಮಾಡಿದರೆ ಸಾಕು, ಕಾರಣ ಕೊಡಬೇಕಿಲ್ಲ. ಶ್ರೀರಂಗಪಟ್ಟಣ ಬಿದ್ದ 1799ರಲ್ಲಿ ಬ್ರಿಟಿಷರ ಕೈಸೇರಿ ಲಂಡನ್ನಿಗೆ ಹೋದ ಟಿಪ್ಪುವಿನ ಮರದ ಹುಲಿಯೂ ಹಿಡಿ ತಿರುಗಿಸಿದವರಿಗೆಲ್ಲ ಗರ್ಜಿಸುತ್ತಿತ್ತು, ಯಾಕೆ ತಿರುಗಿಸಿದೆ ಎಂದು ಕೇಳುತ್ತಿರಲಿಲ್ಲ. ಬೇತಾಳ ಕೇಳುತ್ತಿದ್ದುದು ಆ ‘ಯಾಕೆ’ಯನ್ನೇ: ಯಾರದು ಹೆಚ್ಚಿನ ತ್ಯಾಗ, ತಪ್ಪು ಯಾರದು, ಯಾಕೆ? ಕನ್ನಡ ‘ಚಂದಮಾಮ’ ನಿಂತು ಹತ್ತು ವರ್ಷಗಳ ಮೇಲಾಯಿತು. ಅದರ ಬಣ್ಣದ ಪುಟಗಳನ್ನು ಮತ್ತೆ ಅಚ್ಚು ಹಾಕಿದರೆ ಹಿರಿಯರು ಕೊಳ್ಳುತ್ತಾರೆ. ಮಕ್ಕಳಿಗೆ ಬೇಕಿರುವುದು ಈ ಕಾಲದ ತೊಡಕುಗಳನ್ನಿಟ್ಟು ಅವರ ತೀರ್ಪನ್ನು ಕೇಳುವ ಹೊಸ ಕಥೆಗಳು.